ಹೆಸರಿಗೊಂದು ಹೊಸಿಲು

ಮದುವೆಯಾಗಿ ಥಾರ್ಸ್‌ಡೇಲ್ ಕಣಿವೆಗೆ ಬಂದಾಗ ನನಗೆ ಸಿಕ್ಕಿದ್ದು ಒಬ್ಬ ಗಂಡ, ಎರಡು ಕುರಿನಾಯಿ, ಬೇಸಿಗೆಯಲ್ಲೂ ತೇವ ಆರದ ಒಂದು ಅಡುಗೆಮನೆ ಮತ್ತು ರೆನ್‌ಥ್ವೇಟ್ ಎಂಬ ಮನೆತನದ ಹೆಸರು. ಬಂದ ವಾರದಲ್ಲೇ ಮಾವ ನನ್ನನ್ನು ಮನೆ ಹಿಂದಿನ ಏರು ಹತ್ತಿಸಿಕೊಂಡು ಹೋದರು. ಜರಿಗಿಡಗಳ ನಡುವೆ ಬಿದ್ದಿದ್ದ ಒಂದು ಕಲ್ಲುಗುಡ್ಡೆಯ ಮುಂದೆ ನಿಲ್ಲಿಸಿ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ಇದೇ ಕಣಮ್ಮ ಊರು. ನಾವು ಇಲ್ಲಿಯವರು," ಎಂದರು.

ಥ್ವೇಟ್ ಅಂದರೆ ಕಾಡು ಕಡಿದು ಹಸನು ಮಾಡಿದ ನೆಲ. ನಮ್ಮ ಸೀಮೆಯಲ್ಲಿ ಕಲ್ಲು ಎಸೆದರೆ ಅದು ಯಾವುದಾದರೂ ಒಂದು ಥ್ವೇಟ್‌ನಲ್ಲೇ ಬೀಳುತ್ತದೆ. ಎಸೆದವನ ಹೆಸರಲ್ಲೂ ಒಂದು ಥ್ವೇಟ್ ಇದ್ದರೆ ಆಶ್ಚರ್ಯವಿಲ್ಲ. ರೆನ್ ಅಂದರೆ ಬೇಲಿಸಂದಿಯ ಪುಟ್ಟ ಹಕ್ಕಿ ಎಂದು ಮಾವ ಹೇಳುತ್ತಿದ್ದರು, ಯಾವನೋ ಮನುಷ್ಯ ಎಂದು ಅತ್ತೆ ಹೇಳುತ್ತಿದ್ದರು. ಜಾಗದ ಬಗ್ಗೆ ಮಾತ್ರ ಇಬ್ಬರಿಗೂ ಅನುಮಾನವಿರಲಿಲ್ಲ. ವರ್ಷವರ್ಷ ಉಣ್ಣೆ ಕತ್ತರಿಸುವ ಕೆಲಸ ಮುಗಿದ ಮೇಲೆ ಮನೆಮಂದಿಯೆಲ್ಲ ಬ್ರೆಡ್ಡು, ಗಿಣ್ಣು, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಅಲ್ಲಿಗೆ ಹೋಗುವುದು, ಕಲ್ಲಿನ ಮೇಲೆ ಕೂತು ತಿನ್ನುವುದು, ಇಳಿಯುವ ಮುಂಚೆ ಒಂದು ಚೂರು ಬ್ರೆಡ್ಡನ್ನು ಕಲ್ಲಿನ ಸಂದಿಯಲ್ಲಿ ಇಟ್ಟು ಬರುವುದು. ಮಾವ ಹೋದ ಮೇಲೂ ನನ್ನ ಗಂಡ ಐಸಾಕ್ ಅದನ್ನು ಬಿಡಲಿಲ್ಲ. ಮಗಳು ಜಿಲ್ ಹಾಲು ಕುಡಿಯುವ ಕೂಸಾಗಿದ್ದಾಗಲೇ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ "ನೋಡು, ನಿನ್ನೂರು" ಎಂದು ತೋರಿಸಿದ್ದ.

ಹೋದ ವರ್ಷ ಹಳೇ ನೆಲಗಟ್ಟುಗಳನ್ನು ಹುಡುಕಿ ಗುರುತು ಮಾಡುವ ಫ್ರಾನ್ಸಿಸ್ ಎಂಬ ಹೆಂಗಸು ನಮ್ಮ ಕಣಿವೆಗೆ ಬಂದಳು. ಐಸಾಕ್ ತಾನೇ ಮುಂದೆ ನಿಂತು ಅವಳನ್ನು ಗುಡ್ಡೆಗೆ ಕರೆದುಕೊಂಡು ಹೋದ. ಅವಳು ಮೊಣಕಾಲೂರಿ ಕೂತು, ಕರಣೆಯಿಂದ ಕೆರೆದು ಕೆರೆದು, ಮಧ್ಯಾಹ್ನದ ಹೊತ್ತಿಗೆ ಮೇಲೆದ್ದಳು. ಮುಖದಲ್ಲಿ ಸಂಕೋಚವಿತ್ತು.

"ಐಸಾಕ್, ಇದು ಮನೆ ಅಲ್ಲ. ದುಂಡಗಿದೆ ನೋಡಿ, ಬೋಗುಣಿ ಥರ. ಒಂದೇ ಬಾಯಿ. ಮನೆ ಅಂದ್ಮೇಲೆ ಒಂದು ಒಲೆಗಲ್ಲು ಬೇಕು, ಒಂದು ಹೊಸಿಲು ಬೇಕು. ಇದು ಜರಿಗಿಡ ಸುಟ್ಟು ಬೂದಿ ಮಾಡ್ತಿದ್ದ ಗೂಡು."

"ಬೂದಿ ಯಾಕೆ?"

"ಸಾಬೂನಿಗೆ."

ಸುದ್ದಿ ನಮಗಿಂತ ಮುಂಚೆ ಗುಡ್ಡ ಇಳಿದಿತ್ತು. ಪಕ್ಕದ ಹೊಲದ ಕ್ಲಿಫ್ ಡಾಕ್ರೆ ಅವತ್ತು ಸಂಜೆಯೇ ಗೇಟಿನ ಹತ್ತಿರ ನಿಂತು ಕೂಗಿದ, "ಏನಯ್ಯಾ ಐಸಾಕ್, ಸಾಬೂನಿನ ವಂಶದವನು ನೀನು! ಅದಕ್ಕೇ ಹರಾಜಿನಲ್ಲಿ ಯಾರ ಕೈಗೂ ಸಿಗದೆ ಜಾರ್ಕೋತೀಯ!" ಇಡೀ ಕಣಿವೆ ನಕ್ಕಿತು. ಐಸಾಕ್ ಕೂಡ ನಕ್ಕ. ಆದರೆ ಆ ವರ್ಷ ಉಣ್ಣೆ ಕತ್ತರಿಸಿದ ಮೇಲೆ ಬ್ರೆಡ್ಡು ಗಿಣ್ಣು ಕಟ್ಟು ಎಂದು ನನಗೆ ಹೇಳಲಿಲ್ಲ.

ಇಷ್ಟರಲ್ಲಿ ಅವನ ಮೊಣಕಾಲುಗಳು ಕೈಕೊಟ್ಟವು. ಜೂನ್‌ನಲ್ಲಿ ಆಸ್ಪತ್ರೆಗೆ ಸೇರಿಸಿಕೊಂಡು ಎರಡನ್ನೂ ಬದಲಾಯಿಸುವುದು ಎಂದಾಯಿತು. ಹೊಸ ಮೊಣಕಾಲಿನಲ್ಲಿ ಅಂಗಳ ಸುತ್ತಬಹುದು, ಅಂಗಡಿಗೆ ಹೋಗಬಹುದು. ಗುಡ್ಡ ಹತ್ತುವುದನ್ನು ಮಾತ್ರ ಮರೆತುಬಿಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಕುರಿಯನ್ನೆಲ್ಲ ಜಿಲ್ ನೋಡಿಕೊಳ್ಳುತ್ತಾಳೆ, ಅದರ ಚಿಂತೆ ಅವನಿಗಿರಲಿಲ್ಲ. ಒಂದು ದಿನ ಬೂಟು ಬಿಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದ: "ಎಲ್ಲೋ ಇದೆ ಮೇವಿಸ್ ಅದು. ಈ ಕಾಲು ಇರೋದ್ರೊಳಗೆ ಒಂದ್ಸಲ ಹೋಗಿ ಅದರ ಮೇಲೆ ನಿಲ್ಬೇಕು. ಯಾರೋ ಫೋಟೋ ತೋರ್ಸಿದ್ರೆ ನಂಗೆ ಸಾಲದು."

ಕುರಿಗಳು ಮರಿ ಹಾಕಿ ಮುಗಿದದ್ದೇ ತಡ, ಹುಡುಕಾಟ ಶುರುವಾಯಿತು. ಥಾರ್ಸ್‌ಡೇಲ್‌ನಲ್ಲಿ ಕಲ್ಲಿನ ಮೇಲೆ ಕಲ್ಲು ಇರುವ ಜಾಗ ಯಾವುದನ್ನೂ ಅವನು ಬಿಡಲಿಲ್ಲ. ಬೆಳಿಗ್ಗೆ ಹೋದವನು ಊಟದ ಹೊತ್ತಿಗೆ ಕುಂಟಿಕೊಂಡು ಬರುವುದು, ನಾನು ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಮೊಣಕಾಲಿಗೆ ಸುತ್ತುವುದು. ಒಂದು ಸಲ ಹಳೇ ದೊಡ್ಡಿ ಸಿಕ್ಕಿತು, ಇನ್ನೊಂದು ಸಲ ಯಾರೋ ಅರ್ಧಕ್ಕೆ ಬಿಟ್ಟ ಗೋಡೆ. ಒಲೆಗಲ್ಲಿಲ್ಲ, ಹೊಸಿಲಿಲ್ಲ.

ಹೀಗೇ ಮೇ ತಿಂಗಳು ಅರ್ಧ ಕಳೆದು ಟಗರು ಒಪ್ಪಿಸುವ ದಿನ ಬಂತು.

ಬೇರೆ ಸೀಮೆಯವರು ಟಗರನ್ನು ಕೊಳ್ಳುತ್ತಾರೆ. ನಾವು ಗುಡ್ಡದವರು ಚಳಿಗಾಲಕ್ಕೆಂದು ಎರವಲು ತರುತ್ತೇವೆ. ಅಕ್ಟೋಬರ್‌ನಲ್ಲಿ ಒಬ್ಬರ ಟಗರು ಇನ್ನೊಬ್ಬರ ಮನೆಗೆ ಹೋಗುತ್ತದೆ, ಹುಲ್ಲು ತಿಂದು ಕೆಲಸ ಮಾಡಿ ಮೇ ತಿಂಗಳಲ್ಲಿ ತನ್ನ ಮನೆಗೆ ವಾಪಸು. ಒಪ್ಪಿಸುವ ಜಾಗ ಪಬ್ಬಿನ ಹಿಂದಿನ ಹುಲ್ಲುಗಾವಲು. ಅವತ್ತು ಬಿಸಿಲು ಎಷ್ಟು ಚೆನ್ನಾಗಿತ್ತೆಂದರೆ ಟಗರುಗಳ ಬಿಳಿ ಮುಖಗಳು ಇಬ್ಬನಿ ಹೆಪ್ಪುಗಟ್ಟಿದ ಹಾಗೆ ಹೊಳೆಯುತ್ತಿದ್ದವು. ಟ್ರೇಲರುಗಳು ಹಾದಿಯ ಎರಡೂ ಕಡೆ ನಿಂತು, ಒಂದು ಸೈಕಲ್ ಹೋಗುವಷ್ಟೂ ಜಾಗ ಬಿಟ್ಟಿರಲಿಲ್ಲ.

ನಾವು ಹೋದ ಚಳಿಗಾಲ ಬ್ಯಾಂಕೆಂಡ್ ಹೊಲದಿಂದ ಒಂದು ಟಗರು ತಂದಿದ್ದೆವು. ಅದರ ಒಡತಿ ಎಡ್ನಾ ಟ್ಯಾಲೆಂಟೈರ್ ತಡಿಕೆಯ ಆಚೆಯಿಂದಲೇ ಕೈ ಚಾಚಿದಳು.

"ಡ್ಯೂಕ್! ಬಾರೋ ನನ್ನ ರಾಜ! ಏನೋ ಇದು, ಇಷ್ಟು ಸೊರಗಿದ್ದೀಯ? ರೆನ್‌ಥ್ವೇಟ್‌ನವರು ಹುಲ್ಲು ಹಾಕಿದ್ರೋ ಬರೀ ಕೆಲಸ ಕೊಟ್ರೋ?"

ನಮ್ಮ ಮನೆಯಲ್ಲಿ ಏಳು ತಿಂಗಳು ಯಾರು ಕೂಗಿದರೂ ತಲೆ ಎತ್ತದ ಟಗರು ಓಡಿಹೋಗಿ ಅವಳ ಕೋಟಿಗೆ ಮೂತಿ ತಿಕ್ಕಿತು.

"ಡ್ಯೂಕ್ ಅಂತೀರಾ ಇವನನ್ನ? ನಾವು ಚಳಿಗಾಲ ಪೂರ್ತಿ ಬ್ಯಾಂಕೆಂಡ್, ಬ್ಯಾಂಕೆಂಡ್ ಅಂತ ಕೂಗಿ ಕೂಗಿ ಗಂಟಲು ಹರ್ಕೊಂಡ್ವಿ," ಎಂದೆ.

"ಅಯ್ಯೋ ಮೇವಿಸ್, ನಮ್ಮನೇಲಿ ನಿಂತು ಬ್ಯಾಂಕೆಂಡ್ ಅಂತ ಕೂಗಿದ್ರೆ ಯಾರು ಅಂತ ಬರೋದು? ಅಲ್ಲಿರೋದೆಲ್ಲಾ ಬ್ಯಾಂಕೆಂಡೇ. ನಾನು, ನನ್ನ ಗಂಡ, ನಾಯಿ, ಕೋಳಿ. ಅದು ನೀವು ಇಟ್ಕೊಂಡ ಹೆಸರು, ನಮ್ದಲ್ಲ."

ಮಾತು ಅಲ್ಲಿಗೆ ಮುಗಿಯಿತು. ಆದರೆ ಚಪ್ಪಲಿಗೆ ಸಿಕ್ಕ ಮುಳ್ಳಿನ ಹಾಗೆ ಅದು ನನ್ನ ಜೊತೆಗೇ ಪಬ್ಬಿನೊಳಗೆ ಬಂತು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಕುರಿಮಾಂಸ, ಆಲೂಗಡ್ಡೆ ಪದರ ಪದರವಾಗಿ ಬೆಂದ ದೊಡ್ಡ ಪಾತ್ರೆಗಳು ಮೇಜಿನ ಮೇಲೆ ಹಬೆಯಾಡುತ್ತಿದ್ದವು, ಪಕ್ಕದಲ್ಲಿ ಕೆಂಪು ಎಲೆಕೋಸಿನ ಉಪ್ಪಿನಕಾಯಿ. ಐಸಾಕ್ ಕಿಟಕಿಯ ಬಳಿ ಕಾಲು ನೀಡಿಕೊಂಡು ಕೂತಿದ್ದ. ಎದುರಿಗೆ ಕ್ಲಿಫ್ ಡಾಕ್ರೆ. ಅವನ ಪಕ್ಕ ನನ್ನ ತಮ್ಮ ಜಾಂಟಿ. ಅವನೂ ಒಂದು ಟಗರು ಒಪ್ಪಿಸಲು ಗುಡ್ಡದ ಆಚೆಯ ಹೆಸ್ಕ್‌ಡೇಲ್‌ನಿಂದ, ನನ್ನ ತವರಿನಿಂದ, ರಸ್ತೆ ಸುತ್ತಿಕೊಂಡು ಬಂದಿದ್ದ.

"ನಮ್ದು ಹಾಗಲ್ಲಪ್ಪ," ಕ್ಲಿಫ್ ಶುರು ಹಚ್ಚಿಕೊಂಡಿದ್ದ. "ಡಾಕ್ರೆ ಅಂದ್ರೆ ನಕ್ಷೆಯಲ್ಲಿ ಬೆರಳಿಟ್ಟು ತೋರಿಸ್ಬೋದು. ಚರ್ಚ್ ಇದೆ, ಕೋಟೆ ಇದೆ, ಪಬ್ಬಿದೆ. ನಿಂದೇನಯ್ಯ? ಬಾತ್‌ರೂಮಲ್ಲಿ ಹುಡುಕ್ಬೇಕು!"

ಐಸಾಕ್ ಲೋಟದೊಳಗೆ ನೋಡುತ್ತಾ, "ನಗು ನಗು. ಸಿಕ್ಕಿದ ದಿನ ನಿನ್ನ ಕೈಲೇ ಅಲ್ಲಿಗೆ ಬಿಯರ್ ಹೊರಿಸ್ತೀನಿ," ಎಂದ.

ನಾನು ತಟ್ಟೆ ಹಿಡಿದು ನಿಂತವಳು ನಿಂತೇ ಇದ್ದೆ. "ಕ್ಲಿಫ್, ನೀನು ಡಾಕ್ರೆಯಲ್ಲಿ ಯಾವಾಗ ಇದ್ದೆ?"

"ನಾನಾ? ಯಾವಾಗ್ಲೂ ಇಲ್ಲ. ಒಂದ್ಸಲ ಹೋಗಿದ್ದೆ. ಬಿಯರ್ ಪರವಾಗಿಲ್ಲ."

"ನಿಮ್ಮಪ್ಪ?"

"ಇಲ್ಲೇ ಹುಟ್ಟಿದ್ದು, ಇಲ್ಲೇ ಸತ್ತಿದ್ದು. ಅವರಪ್ಪಾನೂ. ಯಾಕೆ?"

"ಎಡ್ನಾ! ಟ್ಯಾಲೆಂಟೈರ್ ಅಂತ ಊರಿದೆಯಲ್ಲ, ಅಲ್ಲಿ ನಿಮ್ಮವರು ಯಾರಿದಾರೆ?"

ಎಡ್ನಾ ಬಾಯಿ ತುಂಬ ಆಲೂಗಡ್ಡೆ ಇಟ್ಟುಕೊಂಡು ತಲೆಯಾಡಿಸಿದಳು. "ಅಲ್ಲಿ ನಮ್ಮನ್ನ ನೋಡಿದ್ರೆ ನಾಯಿನೂ ಬೊಗಳುತ್ತೆ."

ನಾನು ಸುತ್ತ ನೋಡಿದೆ. ಇಡೀ ಕೋಣೆಯ ತುಂಬ ಊರಿನ ಹೆಸರು ಹೊತ್ತವರೇ. ಒಬ್ಬರೂ ಆ ಊರಲ್ಲಿಲ್ಲ. ತಟ್ಟೆಯನ್ನು ಯಾರದೋ ಟೋಪಿಯ ಮೇಲೆ ಇಟ್ಟೆನಂತೆ, ಆಮೇಲೆ ಬೈಸಿಕೊಂಡೆ.

"ಐಸಾಕ್, ನಾವು ಟಗರಿನ ಹಾಗೆ!" ಎಂದು ಕೂಗಿದೆ.

"ಏನು?"

"ಬ್ಯಾಂಕೆಂಡ್‌ನಲ್ಲಿ ಇದ್ದಾಗ ಅದನ್ನ ಬ್ಯಾಂಕೆಂಡ್ ಅಂತ ಯಾರೂ ಕರೆಯಲ್ಲ. ಅಲ್ಲಿಂದ ಬಿಟ್ಟು ನಮ್ಮನೆಗೆ ಬಂದ ಮೇಲೆ ನಾವು ಕರೆದ್ವಿ! ಊರಲ್ಲಿರೋನನ್ನ ಊರಿನ ಹೆಸರಿಂದ ಯಾರು ಕರೀತಾರೆ, ಮಾರಾಯ? ಊರೆಲ್ಲಾ ಅದೇ ಹೆಸರು ಆಗೋಗಲ್ವಾ? ನಿಮ್ಮ ಹಳೇ ತಾತ ರೆನ್‌ಥ್ವೇಟ್‌ನಲ್ಲಿ ಇದ್ದಿದ್ರೆ ಅವನಿಗೆ ಆ ಹೆಸರು ಬರ್ತಾನೇ ಇರ್ಲಿಲ್ಲ. ಅವನು ಅಲ್ಲಿಂದ ಇಲ್ಲಿಗೆ ಬಂದೋನು. ಇಲ್ಲಿಯವರು ಅವನನ್ನ 'ಆ ರೆನ್‌ಥ್ವೇಟ್‌ನೋನು' ಅಂದ್ರು. ನೀನು ಇಷ್ಟು ದಿನ ಹುಡುಕಿದ್ದು ಅದು ಇರೋದಕ್ಕೆ ಸಾಧ್ಯಾನೇ ಇಲ್ಲದ ಕಣಿವೇಲಿ!"

ಕ್ಲಿಫ್ ಲೋಟವನ್ನು ಬಾಯಿಯ ತನಕ ತಂದವನು ಹಾಗೇ ಇಳಿಸಿದ. "ಹೌದಲ್ಲಯ್ಯಾ," ಎಂದ ನಿಧಾನಕ್ಕೆ. "ಇವಳು ಹೇಳೋದು ಸರಿ ಇದೆಯಲ್ಲಯ್ಯಾ! ಮತ್ತೆ ಎಲ್ಲಿಂದ ಬಂದ ಅವನು? ಆ ಕಾಲದಲ್ಲಿ ಬಹಳ ದೂರದಿಂದ ಬಂದಿರಲ್ಲ. ದೂರದೋನಾಗಿದ್ರೆ ಆ ಥ್ವೇಟಿನ ಹೆಸರು ಇಲ್ಲಿ ಯಾರಿಗೆ ಗೊತ್ತಿರುತ್ತೆ? ಒಂದು ದಿನದ ನಡಿಗೆ, ಅಷ್ಟೇ. ರಿಗ್ ಆಚೆಯಿಂದ!"

ಬೆಟ್ಟದ ಬೆನ್ನನ್ನು ನಾವು ರಿಗ್ ಅನ್ನುತ್ತೇವೆ. ಅದಕ್ಕೊಂದು ಪೂರ್ತಿ ಹೆಸರಿದೆ, ದೂರದವರಿಗೆ ಅದು ಬೇಕು, ನಮಗೆ ಬೇಡ. ರಿಗ್ ಆಚೆ ಅಂದರೆ ಹೆಸ್ಕ್‌ಡೇಲ್.

ಐಸಾಕ್ ನನ್ನ ತಮ್ಮನ ಕಡೆ ತಿರುಗಿದ. "ಜಾಂಟಿ, ನಿಮ್ಮ ಕಡೆ ಥ್ವೇಟ್ ಅಂತ ಯಾವುದಾದ್ರೂ ಇದೆಯಾ?"

"ಥ್ವೇಟಾ? ನಮ್ಮ ಮೇಲಿನ ಹೊಲಾನೇ ಥ್ವೇಟು," ಎಂದ ಜಾಂಟಿ ಅಗಿಯುತ್ತಾ. "ಬರೀ ಥ್ವೇಟ್. ಅಪ್ಪ ಅದನ್ನ ಹಾಗೇ ಕರೀತಿದ್ದಿದ್ದು, ಅಲ್ವಾ ಮೇವಿಸ್? ನಾವು ಚಿಕ್ಕೋರಿದ್ದಾಗ ಮನೆಯಾಟ ಆಡ್ತಿದ್ವಲ್ಲ, ಆ ಮುರುಕಲು ಕಲ್ಲುಗಳ ಹತ್ರ."

ಹೌದು, ಆಡಿದ್ದೆವು. ನಾನು ಅಮ್ಮ, ಅವನು ಮಗು. ಒಂದು ಚಪ್ಪಟೆ ಕಲ್ಲು ನನ್ನ ಒಲೆ. ಅಡುಗೆಗೆ ನೀರು ಬೇಕಾದಾಗ ಡಬ್ಬಿ ಕೊಟ್ಟು ಅವನನ್ನು ಪಕ್ಕದ ತೊರೆಗೆ ಓಡಿಸುತ್ತಿದ್ದೆ. ಹೋಗು, ಬೇಗ ನೀರು ತಾ, ಹೋಗು...

ನನ್ನ ಕೈ ಬಾಯಿಗೆ ಹೋಯಿತು.

"ಜಾಂಟಿ, ನೀರು ಎಲ್ಲಿಂದ ತರ್ತಿದ್ದೆ?"

"ಎಲ್ಲಿಂದ ಅಂದ್ರೆ? ರೆನ್‌ನಿಂದ."

ಅವನೇ ಹೇಳಿದ, ಅವನಿಗೇ ಕೇಳಿಸಲಿಲ್ಲ. ಚಮಚ ಬಾಯಿಗಿಟ್ಟ. ಆಮೇಲೆ ಕೇಳಿಸಿತು. ಚಮಚ ಬಾಯಲ್ಲೇ ನಿಂತಿತು.

ನಮ್ಮ ಮನೆಯ ತೊರೆ ರೆನ್. ತೊರೆಯ ದಂಡೆಯ ಹೊಲ ಥ್ವೇಟ್. ನಮಗೆ ಒಂದು ಕುಡಿಯುವ ನೀರು, ಇನ್ನೊಂದು ಆಟದ ಜಾಗ. ಎರಡನ್ನೂ ಸೇರಿಸಿ ಹೇಳುವ ಅಗತ್ಯ ಆ ಮನೆಯಲ್ಲಿ ಯಾರಿಗೂ ಬಿದ್ದಿರಲಿಲ್ಲ. ಈ ಕಡೆಗೆ ಬಂದ ವಾರದಲ್ಲೇ ಮಾವ ಟೋಪಿ ತೆಗೆದು ಊರು ತೋರಿಸಿದ್ದರು. ಒಂದು ಸಲ ಸಿಕ್ಕಿದ್ದನ್ನು ಮತ್ತೆ ಯಾರು ಹುಡುಕುತ್ತಾರೆ? ಇಷ್ಟು ವರ್ಷ ಆ ಹೆಸರನ್ನು ಬರೆದೆ, ಹೇಳಿದೆ, ಹೊತ್ತೆ. ಹುಟ್ಟಿದ್ದು ಅದರ ಮಗ್ಗುಲಲ್ಲೇ.

ಐಸಾಕ್ ಎದ್ದು ನಿಂತಿದ್ದ. ಮೇಜಿಗೆ ಕೈಯೂರದೆ ಅವನು ಎದ್ದದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. "ಕಲ್ಲುಗಳಿವೆಯಾ ಇನ್ನೂ?"

ಜಾಂಟಿ ಚಮಚ ಕೆಳಗಿಟ್ಟ. "ಇವೆ... ಅಂದ್ರೆ, ಬೆಳಿಗ್ಗೆ ಇದ್ವು. ಹೊಸ ದೊಡ್ಡಿಗೆ ತಳಪಾಯಕ್ಕೆ ಕಲ್ಲು ಬೇಕಿತ್ತು ಐಸಾಕ್. ಇವತ್ತು ಜೆಸಿಬಿಯೋನು ಬರ್ತೀನಿ ಅಂದಿದ್ದ. ಊಟ ಆದ್ಮೇಲೆ."

ಎಲ್ಲರೂ ಗೋಡೆಯ ಗಡಿಯಾರ ನೋಡಿದೆವು. ಊಟದ ಹೊತ್ತು ಮುಗಿಯುತ್ತಾ ಬಂದಿತ್ತು.

ಜಾಂಟಿ ಫೋನು ತೆಗೆದು ಹೊರಗೆ ಓಡಿದ, ನಾವೂ ಹಿಂದೆಯೇ. ನಮ್ಮ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕಾದರೆ ಪಬ್ಬಿನ ಗೋಡೆ ಹತ್ತಿ ನಿಲ್ಲಬೇಕು; ಹತ್ತಿದ. ಮನೆಯಲ್ಲಿ ಹೆಂಡತಿ ಎತ್ತಲಿಲ್ಲ. ಜೆಸಿಬಿಯವನು ಎತ್ತಲಿಲ್ಲ. "ಕಿವಿಗೆ ಮುಚ್ಚಳ ಹಾಕ್ಕೊಂಡಿರ್ತಾನೆ ಬಡ್ಡೀಮಗ!" ರಸ್ತೆಯಲ್ಲಿ ಹೋಗೋಣವೆಂದರೆ ಕಣಿವೆ ಇಳಿದು, ಕೆರೆ ಸುತ್ತಿ, ಆ ಕಡೆಯ ಕಣಿವೆ ಹತ್ತಬೇಕು. ಅದಕ್ಕೂ ಮುಂಚೆ ಟ್ರೇಲರುಗಳ ಜಾತ್ರೆ ಕದಲಬೇಕು.

"ರಿಗ್ ಮೇಲಿಂದ ಹೋದ್ರೆ?" ಎಂದಳು ಜಿಲ್.

ಅವಳು ಬಂದದ್ದನ್ನೇ ನಾನು ನೋಡಿರಲಿಲ್ಲ. ಪಿಕಪ್ಪಿನ ಹಿಂದೆ ಕೂತು ದಪ್ಪ ಬೂಟು ಬಿಚ್ಚಿ, ಗುಡ್ಡದ ಓಟದ ಪಂದ್ಯಕ್ಕೆ ಹಾಕುವ ಹಗುರ ಬೂಟಿನ ದಾರ ಬಿಗಿಯುತ್ತಿದ್ದಳು. ನಮ್ಮ ಕಡೆ ಹುಡುಗ ಹುಡುಗಿಯರಿಗೆ ಬೆಟ್ಟ ಓಡಿ ಹತ್ತಿ ಓಡಿ ಇಳಿಯುವುದೇ ಆಟ. ನನ್ನ ಮಗಳು ಅದರಲ್ಲಿ ಗಂಡಸರನ್ನೂ ಹಿಂದೆ ಹಾಕಿದವಳು.

"ಜಿಲ್, ಅವನನ್ನ ನಿಲ್ಸು. ಏನಾದ್ರೂ ಮಾಡು," ಎಂದ ಅವಳಪ್ಪ.

"ಜೆಸಿಬಿ ಬಕೆಟ್ಟಿನಲ್ಲೇ ಹತ್ತಿ ಕೂತ್ಕೋತೀನಿ, ಅಪ್ಪ," ಎಂದವಳೇ ಗೋಡೆ ಹಾರಿದಳು. ಅವಳ ಕೆಂಪು ಅಂಗಿ ಕುರಿಗಳ ನಡುವೆ, ಆಮೇಲೆ ಜರಿಗಿಡಗಳ ನಡುವೆ, ಆಮೇಲೆ ಬಂಡೆಗಳ ನಡುವೆ ಚುಕ್ಕಿಯಾಗುತ್ತಾ ಹೋಯಿತು. ಪಬ್ಬಿನ ಜನವೆಲ್ಲ ಹೊರಗೆ ಬಂದು ಕೇಕೆ ಹಾಕಿದರು.

ಜಾಂಟಿ ರಸ್ತೆಗೆ ಓಡಿದ, ಟ್ರೇಲರುಗಳನ್ನು ಬೈದು ಸರಿಸಲು. ಐಸಾಕ್ ತನ್ನ ಕೋಲು ತೆಗೆದುಕೊಂಡ.

"ನೀನೆಲ್ಲಿಗೆ?" ಎಂದೆ.

"ನಾನೆಲ್ಲಿಗಾ? ನನ್ನೂರಿಗೆ."

"ಕ್ವಾಡ್ ಬೈಕ್ ತರ್ತೀನಿ ತಡಿಯಯ್ಯ," ಎಂದ ಕ್ಲಿಫ್.

"ಮೇಲಿನ ಜೌಗಲ್ಲಿ ನಿನ್ನ ಕ್ವಾಡು ಹೂತೋಗುತ್ತೆ. ನಡೀತೀನಿ."

ನನಗೆ ತಡೆಯಬೇಕೆನಿಸಿತ್ತು. ಆದರೆ ಆ ಮುಖ ನೋಡಿ ಅವನ ಕೋಟಿನ ಗುಂಡಿ ಹಾಕಿದೆ. ಕ್ಲಿಫ್ ಒಳಗೆ ಹೋಗಿ ಬಂದ. ಕೋಟಿನ ಎರಡೂ ಜೇಬುಗಳಲ್ಲಿ ಬಾಟಲಿಗಳ ಕುತ್ತಿಗೆ ಕಾಣುತ್ತಿತ್ತು. "ಹೊರಿಸ್ತೀನಿ ಅಂದಿದ್ದೆಯಲ್ಲ. ನಡಿ."

ಆ ಏರನ್ನು ನಾನು ಎಷ್ಟೋ ಸಲ ಹತ್ತಿದ್ದೇನೆ. ಅಷ್ಟು ನಿಧಾನಕ್ಕೆ ಹತ್ತಿದ್ದೂ ಇಲ್ಲ, ಅಷ್ಟು ಅವಸರದಲ್ಲಿ ಹತ್ತಿದ್ದೂ ಇಲ್ಲ. ಐಸಾಕ್ ಬಲಗಾಲು ಮುಂದಿಡುವನು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುವನು, ಮತ್ತೆ ಬಲಗಾಲು. ಜೌಗು ಬಂದಲ್ಲಿ ಕ್ಲಿಫ್ ಮುಂದೆ ಹೋಗಿ ಗಟ್ಟಿ ಹುಲ್ಲುಕುದುರು ನೋಡಿ ತುಳಿದು, "ಇಲ್ಲಿಡು, ಸಾಬೂನು, ಇಲ್ಲಿಡು," ಎನ್ನುವನು. ಬಂಡೆ ಬಂದಲ್ಲಿ ನಾನು ಹಿಂದಿನಿಂದ ಐಸಾಕನ ಸೊಂಟಕ್ಕೆ ಭುಜ ಕೊಟ್ಟು ನೂಕುವೆನು.

"ಮದುವೆ ದಿನಾನೂ ನೀನು ನನ್ನ ಇಷ್ಟು ಗಟ್ಟಿ ಹಿಡಿದಿರ್ಲಿಲ್ಲ," ಎಂದ ಐಸಾಕ್ ಏದುತ್ತಾ.

"ಅವತ್ತು ನೀನು ಓಡೋಗೋ ಹಾಗಿದ್ದೆ. ಇವತ್ತು ಎಲ್ಲಿಗೆ ಓಡ್ತೀಯ? ಹತ್ತು, ಮಾತಾಡ್ಬೇಡ."

ಬಾನಾಡಿಗಳು ತಲೆಯ ಮೇಲೆ ಹಾಡುತ್ತಿದ್ದವು, ನಮ್ಮ ಮರಿಕುರಿಗಳು ದಾರಿ ಬಿಡದೆ ನಿಂತು ನೋಡುತ್ತಿದ್ದವು. ಮಾತಿಲ್ಲದಾಗ ಮೂವರೂ ಕಿವಿ ನಿಮಿರಿಸುತ್ತಿದ್ದೆವು. ಆಚೆ ಕಡೆಯಿಂದ ಯಂತ್ರದ ಸದ್ದು ಗಾಳಿ ಬಂದಾಗ ಕೇಳಿಸುತ್ತಿತ್ತು, ಗಾಳಿ ನಿಂತಾಗ ಇಲ್ಲ. ಕೇಳಿಸಿದಾಗಲೆಲ್ಲ ಐಸಾಕ್ ಕೋಲನ್ನು ಇನ್ನೂ ಮುಂದೆ ಊರುತ್ತಿದ್ದ. ಅವನ ತುಟಿ ಬೆಳ್ಳಗಾಗಿತ್ತು. ಒಂದು ಸಲ ನಿಂತುಬಿಟ್ಟ. ಕ್ಲಿಫ್ ಏನೂ ತಮಾಷೆ ಮಾಡದೆ ತನ್ನ ಹೆಗಲು ಕೊಟ್ಟ. ಮತ್ತೆ ಹೊರಟೆವು.

ರಿಗ್‌ನ ನೆತ್ತಿಯಲ್ಲಿ, ದಾರಿ ಆಚೆಗೆ ದಾಟುವ ತಗ್ಗಿನಲ್ಲಿ, ಗಾಳಿ ಮುಖಕ್ಕೆ ಹೊಡೆಯಿತು. ಈಗ ಯಾವ ಸದ್ದೂ ಇರಲಿಲ್ಲ.

ಕೆಳಗೆ ಹೆಸ್ಕ್‌ಡೇಲ್. ನನ್ನ ತವರಿನ ಮಾಡು, ಹೊಗೆ, ತೊರೆಯ ಬೆಳ್ಳಿ ಗೆರೆ. ಗೆರೆಯ ಪಕ್ಕ ಹಳದಿ ಯಂತ್ರ, ಬಕೆಟ್ಟು ಆಕಾಶಕ್ಕೆ ಎತ್ತಿಕೊಂಡು ನಿಂತಿತ್ತು. ಬಕೆಟ್ಟಿನಲ್ಲಿ ಒಂದು ಕೆಂಪು ಚುಕ್ಕೆ.

"ಕೂತಿದಾಳೆ!" ಕ್ಲಿಫ್ ಟೋಪಿ ಕಿತ್ತು ಬೀಸಿದ. "ನೋಡಯ್ಯ, ಹೇಳಿದ ಹಾಗೇ ಕೂತಿದಾಳೆ, ನಿನ್ನ ಮಗಳು!" ಕೆಂಪು ಚುಕ್ಕೆ ಎದ್ದು ನಿಂತು ಎರಡೂ ಕೈ ಬೀಸಿತು. ಐಸಾಕ್ ಕೂಗಲು ಹೋದ, ಅವನಿಗೆ ಉಸಿರೇ ಇರಲಿಲ್ಲ.

ಇಳಿಜಾರು ಅವನ ಮೊಣಕಾಲಿಗೆ ಏರಿಗಿಂತ ಕೆಟ್ಟದಾಗಿತ್ತು. ಬಹಳ ದೂರವನ್ನು ಅವನು ಹುಲ್ಲಿನ ಮೇಲೆ ಕೂತು ಜಾರಿಕೊಂಡೇ ಬಂದ. ಥ್ವೇಟ್‌ನ ಬೇಲಿ ದಾಟುವಾಗ ಪ್ಯಾಂಟಿನ ಹಿಂಭಾಗ ಹಸಿರಾಗಿತ್ತು. ಹೊಲದೊಳಕ್ಕೆ ಮಾತ್ರ ನಡೆದೇ ಬಂದ.

ಜೆಸಿಬಿಯ ಚಾಲಕ ಸ್ಟುವರ್ಟ್ ಎಂಬ ಹೆಸ್ಕ್‌ಡೇಲ್‌ನ ಯುವಕ, ಗೋಡೆಯ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. "ಇವಳನ್ನ ಇಳಿಸ್ಕೊಳ್ಳಿ," ಎಂದ, ದೂರುವವನ ಹಾಗೆ. "ಎದುರಿಗೇ ಓಡ್ಬಂದು ಬಕೆಟ್ಟೊಳಗೆ ಹಾರಿದ್ಲು. ಎತ್ತಿದ್ರೆ ಹೆದರ್ತಾಳೆ ಅಂತ ಎತ್ತಿದೆ. ಅಲ್ಲೇ ಕೂತ್ಲು." ಎದ್ದು ಹೋಗಿ ಬಕೆಟ್ಟು ಇಳಿಸಿದ; ಜಿಲ್ ನೆಲಕ್ಕೆ ಹಾರಿದಳು.

ಮುರುಕಲು ಗೋಡೆಯ ಒಂದು ಮೂಲೆ ಹೋಗಿತ್ತು. ಅಲ್ಲಿಯ ಕಲ್ಲುಗಳು ರಾಶಿಯಾಗಿ ಪಕ್ಕಕ್ಕೆ ಬಿದ್ದಿದ್ದವು. ಆದರೆ ಬಕೆಟ್ಟು ಕಿತ್ತ ಜಾಗದಲ್ಲೇ ಮಣ್ಣಿನಡಿಯಿಂದ ದೊಡ್ಡ ಚಪ್ಪಟೆ ಕಲ್ಲೊಂದು ಹೊರಬಂದಿತ್ತು. ನನ್ನ ಆಟದ ಒಲೆ ಅದರ ಮೇಲಿನ ತುಂಡು ಅಷ್ಟೆ. ನಾನು ಬಗ್ಗಿ ಬೆರಳಿನಿಂದ ಉಜ್ಜಿದೆ. ಬೆರಳು ಕಪ್ಪಾಯಿತು. ಕಲ್ಲಿನ ನಡುವೆ ಬಿರುಕು, ಬಿರುಕಿನ ತುಂಬ ಮಸಿ.

"ಒಲೆಗಲ್ಲು," ಎಂದೆ.

ಐಸಾಕ್ ಆ ಕಡೆ ನೋಡುತ್ತಿರಲಿಲ್ಲ. ಇನ್ನೊಂದು ತುದಿಯಲ್ಲಿ ಹುಲ್ಲಿನ ಮಟ್ಟಕ್ಕೆ ಒಂದು ಉದ್ದ ಕಲ್ಲು, ಎರಡು ಕಡೆ ಗೋಡೆ ಮುಗಿದು ಬಾಯಿಬಿಟ್ಟಲ್ಲಿ. ನಡುವೆ ತಟ್ಟೆಯ ಹಾಗೆ ಸವೆದಿತ್ತು. ಕಾಲಿಟ್ಟು ಕಾಲಿಟ್ಟು ಸವೆದದ್ದು. ಅವನು ಟೋಪಿ ತೆಗೆದ. ಅವನಪ್ಪ ಮಾಡಿದ ಹಾಗೇ ಕಂಕುಳಲ್ಲಿಟ್ಟುಕೊಂಡ. ಕೋಲನ್ನು ಜಿಲ್‌ಗೆ ಕೊಟ್ಟ. ಹೊಸಿಲಿನ ಮೇಲೆ ನಿಂತ, ಹೊರಗೆ ಮುಖ ಮಾಡಿ.

ಸ್ಟುವರ್ಟ್ ಅಗಿಯುವುದನ್ನು ನಿಲ್ಲಿಸಿದ.

ಐಸಾಕ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕಾಲ ಕೆಳಗೆ ನೋಡಿದ. ಅವನ ಬೂಟಿನ ಸುತ್ತ ನೀರು ಬುಳುಬುಳು ಎನ್ನುತ್ತಿತ್ತು. ಮಕ್ಕಳಾಗಿದ್ದಾಗ ನಮಗೆ ಅದು ಎಂದೂ ಕಂಡಿರಲಿಲ್ಲ: ಹೊಲದ ತುಂಬ ಜೌಗುಹುಲ್ಲು, ಬಡಗಣ ಮುಖದ ಇಳಿಜಾರು, ಮೇ ತಿಂಗಳ ಅಷ್ಟು ಒಳ್ಳೆಯ ದಿನದಲ್ಲೂ ರಿಗ್‌ನ ನೆರಳು ಆಗಲೇ ಅರ್ಧ ಹೊಲ ತಿಂದಿತ್ತು.

"ಮೇವಿಸ್," ಎಂದ ಅವನು ಕೊನೆಗೆ, "ಚಳಿಗಾಲದಲ್ಲಿ ಇಲ್ಲಿ ಬಿಸಿಲು ಎಷ್ಟು ಹೊತ್ತು ಬರುತ್ತೆ?"

"ಚಳಿಗಾಲದಲ್ಲಾ? ಬರೋದೇ ಇಲ್ಲ. ಫೆಬ್ರವರಿಯಲ್ಲಿ ಬಂದಾಗ ಅಪ್ಪ ನಮ್ಮನ್ನ ತೋರ್ಸೋಕೆ ಕರೀತಿದ್ದ."

ಐಸಾಕನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆ ಎಂದು ನಾನು ಹೆಜ್ಜೆ ಮುಂದಿಟ್ಟೆ. ಅವನು ನಗುತ್ತಿದ್ದ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ.

"ಇಲ್ಲಿ ಬಾ, ಇಲ್ಲಿ ನಿಂತು ನೋಡು!" ನನ್ನನ್ನು ಪಕ್ಕಕ್ಕೆ ಎಳೆದುಕೊಂಡ. "ನೇರ ನೋಡು. ಏನು ಕಾಣುತ್ತೆ?"

ಹೊಸಿಲಿನಿಂದ ನೇರ ಮೇಲೆ ನೋಡಿದರೆ ಕಾಣುವುದು ಒಂದೇ. ರಿಗ್‌ನ ಆ ತಗ್ಗು, ನಾವು ಈಗ ದಾಟಿ ಬಂದದ್ದು. ಅದರಾಚೆಯ ಆಕಾಶವೆಲ್ಲ ಬಿಸಿಲು. ಥಾರ್ಸ್‌ಡೇಲ್‌ನ ಬಿಸಿಲು.

"ದಿನಾ ಬೆಳಿಗ್ಗೆ ಬಾಗಿಲು ತೆಗೆದ್ರೆ ಕಾಲ ಕೆಳಗೆ ಕೆಸರು, ಕಣ್ಣ ಮುಂದೆ ಆ ಬಿಸಿಲು. ಎಷ್ಟು ದಿನ ತಡ್ಕೊಂಡಿರ್ತಾನೆ ಮನುಷ್ಯ? ಒಂದಿನ ಕುರಿ ಅಟ್ಕೊಂಡು ಹೊರಟೇಬಿಟ್ಟ!" ಅವನು ಹೊಸಿಲನ್ನು ಬೂಟಿನ ಹಿಮ್ಮಡಿಯಿಂದ ತಟ್ಟಿದ, 'ಶಾಭಾಷ್' ಎನ್ನುವ ಹಾಗೆ. "ಜಾಣ! ನಮ್ಮಜ್ಜ ಜಾಣ ಕಣೇ!"

"ಇದಕ್ಕಿಂತ ಸಾಬೂನೇ ವಾಸಿ ಇತ್ತಲ್ಲೋ!" ಕ್ಲಿಫ್ ಬಾಟಲಿಯ ಮುಚ್ಚಳ ಹಲ್ಲಿನಿಂದ ಕಚ್ಚಿ ತೆಗೆಯುತ್ತಾ ಹೇಳಿದ. ಆದರೆ ಮೊದಲ ಗುಟುಕನ್ನು ತಾನು ಕುಡಿಯಲಿಲ್ಲ, ಹೊಸಿಲಿನ ಸವೆದ ತಟ್ಟೆಗೆ ಸುರಿದ. ಜಿಲ್ ಸ್ಟುವರ್ಟ್‌ನ ಕೈಯಿಂದ ಸ್ಯಾಂಡ್‌ವಿಚ್ಚಿನ ತುದಿ ಮುರಿದುಕೊಂಡು ಕಲ್ಲಿನ ಸಂದಿಯಲ್ಲಿ ಇಟ್ಟಳು.

ಜಾಂಟಿ ಬಂದು ಮುಟ್ಟಿದಾಗ ಎರಡು ಬಾಟಲಿ ಖಾಲಿಯಾಗಿದ್ದವು. ಅವನು ಗೇಟಿನಿಂದಲೇ ಕೈ ಜೋಡಿಸಿಕೊಂಡು ಓಡಿಬಂದ. "ಎಲ್ಲಾ ಹೋಯ್ತಾ? ಒಂದು ಮೂಲೆನಾ? ಐಸಾಕ್, ಆಣೆ ಮಾಡಿ ಹೇಳ್ತೀನಿ, ನಂಗೊತ್ತಿದ್ರೆ... ಉಳಿದಿದ್ದು ಮುಟ್ಟಲ್ಲ. ಫ್ರಾನ್ಸಿಸ್‌ನ ಕರೆಸು, ನೋಡ್ಲಿ. ಆ ಹೊಸಿಲು ಬೇಕಾದ್ರೆ ಎತ್ತಿ ಟ್ರೇಲರಿಗೆ ಹಾಕ್ತೀನಿ, ಮನೆಗೆ ತಗೊಂಡೋಗು."

"ಬೇಡ," ಎಂದ ಐಸಾಕ್. "ಅಲ್ಲಿ ನಂಗೆ ಹೊಸಿಲಿದೆ. ಟ್ರೇಲರಿಗೆ ನನ್ನನ್ನ ಹಾಕು. ಕಾಲು ಮುಗೀತು."

ನಿಜವಾಗಿಯೂ ಮುಗಿದಿತ್ತು. ಜಾಂಟಿ ಒಂದು ಕಡೆ, ಕ್ಲಿಫ್ ಒಂದು ಕಡೆ ಹಿಡಿದು, ಟಗರು ತಂದ ಟ್ರೇಲರಿನ ಹುಲ್ಲಿನ ಮೇಲೆ ಅವನನ್ನು ಮಲಗಿಸಿದರು. ನಾನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವನ ಮೈಯೆಲ್ಲ ಟಗರಿನ ವಾಸನೆ, ಮುಖದಲ್ಲಿ ಮಾತ್ರ ಹಬ್ಬ.

ಟ್ರೇಲರು ಹೊರಡುವಾಗ ಸ್ಟುವರ್ಟ್ ಫೋನಿನಲ್ಲಿ ತನ್ನ ಮನೆಯವರಿಗೆ ಕೂಗಿ ಹೇಳುತ್ತಿದ್ದುದು ಕೇಳಿಸಿತು: "ಇಲ್ಲ, ಇವತ್ತು ಕೆಲಸ ನಿಂತೋಯ್ತು. ಯಾರಾ? ನಂಗೇನ್ಗೊತ್ತು ಅವರ ಹೆಸರು. ಯಾರೋ ಥಾರ್ಸ್‌ಡೇಲ್‌ನೋರು!"

ನನ್ನ ತೊಡೆಯ ಮೇಲೆ ಐಸಾಕನ ತಲೆ ಮತ್ತೆ ಅಲುಗತೊಡಗಿತು. "ಕೇಳಿಸ್ತಾ?" ಎಂದ ನಗುವಿನ ನಡುವೆ. "ನೀನು ಹುಟ್ಟಿದ ಕಣಿವೇಲೇ ನಿನಗೂ ಹೊಸ ಹೆಸರು ಬಂತು!"